'ದಿ ಲಾಸ್ಟ್ ಯೂನಿಕಾರ್ನ್' ಮತ್ತೆ ನೋಡಿದ ಮೇಲೆ: ಕಾದಂಬರಿಯಿಂದ ಬಂದದ್ದೆಷ್ಟು, ಚಿತ್ರದ ಸ್ವಂತದ್ದೆಷ್ಟು?

ಪ್ರಶ್ನೆ: ಹಳೆಯ ರೀಲು

1982ರಲ್ಲಿ ತೆರೆಕಂಡ 'ದಿ ಲಾಸ್ಟ್ ಯೂನಿಕಾರ್ನ್' ಎಂಬ ಅನಿಮೇಷನ್ ಚಿತ್ರವನ್ನು ಬಾಲ್ಯದಲ್ಲಿ ಬಹಳವಾಗಿ ಮೆಚ್ಚಿದವರಲ್ಲಿ ನಾನೂ ಒಬ್ಬ. ಅನೇಕ ವರ್ಷಗಳ ನಂತರ ಈಚೆಗೆ ಅದನ್ನು ಮತ್ತೆ ನೋಡಿದೆ. ಆಗ ಹುಟ್ಟಿದ ಸಂದೇಹಗಳನ್ನು, ಪೀಟರ್ ಎಸ್. ಬೀಗಲ್ ಅವರ 1968ರ ಮೂಲ ಕಾದಂಬರಿಯನ್ನು ಓದಿರುವವರ ಮುಂದಿಡುವುದು ಈ ಬರಹದ ಉದ್ದೇಶ. ನಾನು ಕಾದಂಬರಿಯನ್ನು ಇನ್ನೂ ಓದಿಲ್ಲ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ತನ್ನ ಕುಲದಲ್ಲಿ ತಾನೊಬ್ಬಳೇ ಉಳಿದಿರಬಹುದೆಂಬ ಮಾತು ಕಿವಿಗೆ ಬಿದ್ದಾಗ ಒಂದು ಯೂನಿಕಾರ್ನ್ (ಹಣೆಯಲ್ಲಿ ಒಂದೇ ಕೊಂಬಿರುವ, ಕುದುರೆಯಂಥ ಕಾಲ್ಪನಿಕ ಪ್ರಾಣಿ) ತನ್ನ ಕಾಡನ್ನು ಬಿಟ್ಟು ಉಳಿದವರನ್ನು ಹುಡುಕಿ ಹೊರಡುತ್ತಾಳೆ. ಮಂತ್ರಗಳು ಕೈಗೂಡದ ಮಾಂತ್ರಿಕ ಷ್ಮೆಂಡ್ರಿಕ್, ಕಳ್ಳರ ಗುಂಪಿನಲ್ಲಿ ದಿನ ಸವೆಸುತ್ತಿದ್ದ ಮಾಲಿ ಗ್ರೂ ಎಂಬ ಹೆಂಗಸು ಅವಳ ಜೊತೆಯಾಗುತ್ತಾರೆ. ದೊರೆ ಹ್ಯಾಗರ್ಡನ ಕೆಂಪು ಗೂಳಿ ಅಟ್ಟಿಸಿಕೊಂಡು ಬಂದಾಗ ಬೇರೆ ದಾರಿ ಕಾಣದೆ ಮಾಂತ್ರಿಕನು ಅವಳನ್ನು ಮನುಷ್ಯ ಹೆಣ್ಣಾಗಿ ಮಾರ್ಪಡಿಸುತ್ತಾನೆ. ಅಮಾಲ್ಥಿಯಾ ಎಂಬ ಹೆಸರಿನಲ್ಲಿ ಹ್ಯಾಗರ್ಡನ ಕೋಟೆಯಲ್ಲಿ ಉಳಿಯುವ ಅವಳು, ದಿನ ಕಳೆದಂತೆ ತಾನು ಯಾರೆಂಬುದನ್ನೇ ಮರೆಯತೊಡಗುತ್ತಾಳೆ. (ಮುಂದಿನ ಚರ್ಚೆಯಲ್ಲಿ ಮುಕ್ತಾಯದ ಪ್ರಸ್ತಾಪ ಬರುವುದು ಅನಿವಾರ್ಯ. ತಿಳಿಯಲು ಇಚ್ಛಿಸದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.)

ಈ ಬಾರಿ ನೋಡುವಾಗ ಚಿತ್ರದ ಹೊರಮೈ ನನಗೆ ಸೊರಗಿದಂತೆ ಕಂಡಿತು. ಮನುಷ್ಯ ಪಾತ್ರಗಳ ಚಲನೆಯಲ್ಲಿ ತಡವರಿಕೆಯಿದೆ. ರಾಜಕುಮಾರ ಲಿಯರ್‌ನ ಮುಖದಲ್ಲಿ ಭಾವವೇ ಮೂಡುವುದಿಲ್ಲ. ಹಾಡು ಶುರುವಾದಾಗಲೆಲ್ಲ ಕಥೆ ನಿಂತುಬಿಡುತ್ತದೆ. ಹಾಗಿದ್ದರೂ ಕೆಲವು ಮಾತುಗಳು, ವಿಶೇಷವಾಗಿ ಹ್ಯಾಗರ್ಡನ ಮತ್ತು ಮಾಲಿಯ ಮಾತುಗಳು, ಬಾಲ್ಯದಲ್ಲಿ ತಟ್ಟದಷ್ಟು ಆಳವಾಗಿ ತಟ್ಟಿದವು. ಈ ಮಾತುಗಳೆಲ್ಲ ಕಾದಂಬರಿಯಿಂದಲೇ ಎತ್ತಿಕೊಂಡವುಗಳಾಗಿದ್ದರೆ, ಚಿತ್ರದ ಹಿರಿಮೆಯೆಂದು ನಾವು ತಿಳಿದದ್ದು ಎರವಲು ಹಿರಿಮೆಯಷ್ಟೇ ಆಗುವುದಿಲ್ಲವೇ? ಕಾದಂಬರಿಯನ್ನು ಓದಿದವರಿಗೆ ಈ ಚಿತ್ರದ ಅಗತ್ಯ ಉಳಿಯುತ್ತದೆಯೇ?

ಉತ್ತರ: ಪುಟದಂಚು

ತಮ್ಮ ಊಹೆ ಬಹುಮಟ್ಟಿಗೆ ಸರಿಯಾಗಿದೆ. ಚಿತ್ರಕಥೆಯನ್ನು ಬರೆದವರು ಸ್ವತಃ ಬೀಗಲ್. ಅದಕ್ಕೂ ಮೊದಲು, 1978ರಲ್ಲಿ ರಾಲ್ಫ್ ಬಾಕ್ಷಿ ನಿರ್ದೇಶಿಸಿದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅನಿಮೇಷನ್ ಚಿತ್ರದ ಚಿತ್ರಕಥೆಯಲ್ಲಿಯೂ ಅವರ ಪಾಲಿತ್ತು. ಅಂದರೆ ದೊಡ್ಡ ಕಾದಂಬರಿಯನ್ನು ತೆರೆಯ ಅಳತೆಗೆ ಇಳಿಸುವ ಕೆಲಸ ಅವರಿಗೆ ಹೊಸದಾಗಿರಲಿಲ್ಲ. ತಮ್ಮದೇ ಕೃತಿಯ ವಿಷಯದಲ್ಲಿ ಅವರು ಹಿಡಿದ ದಾರಿ ಸರಳವಾದದ್ದು: ಉಳಿಸಿಕೊಂಡ ಪ್ರಸಂಗಗಳಲ್ಲಿ ಸಂಭಾಷಣೆಯನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ಬಿಟ್ಟರು, ಬಿಡಬೇಕಾದ ಪ್ರಸಂಗಗಳನ್ನು ಬುಡಸಮೇತ ಕಿತ್ತುಹಾಕಿದರು. ಮಕ್ಕಳಿಗೆಂದು ಮಾತನ್ನು ತಿಳಿಗೊಳಿಸುವ ಗೋಜಿಗೆ ಅವರು ಹೋಗಲಿಲ್ಲ. ತಮಗೆ ಈಗ ತಟ್ಟಿದ ಮಾತುಗಳು ಮೊದಲಿನಿಂದಲೂ ದೊಡ್ಡವರಿಗಾಗಿ ಬರೆದ ಮಾತುಗಳೇ ಆಗಿದ್ದವು.

ಆದರೆ ಕಿತ್ತುಹಾಕಿದ್ದು ಸಣ್ಣದೇನಲ್ಲ. ಕಾದಂಬರಿಯಲ್ಲಿ ಹ್ಯಾಗರ್ಡನ ಕೋಟೆಗೆ ಹೋಗುವ ದಾರಿಯಲ್ಲಿ ಹ್ಯಾಗ್ಸ್‌ಗೇಟ್ ಎಂಬ ಊರು ಬರುತ್ತದೆ. ಸುತ್ತಲಿನ ನಾಡೆಲ್ಲ ಬರಡಾಗಿದ್ದರೂ ಅದೊಂದೇ ಊರು ಸಮೃದ್ಧವಾಗಿದೆ. ಕೋಟೆ ಉರುಳಿದಾಗ ಈ ಊರೂ ಹಾಳಾಗುತ್ತದೆ, ಕೋಟೆಯನ್ನು ಉರುಳಿಸುವವನು ಈ ಊರಿನವನೇ ಆಗಿರುತ್ತಾನೆ ಎಂಬ ಶಾಪ ಅದರ ಮೇಲಿದೆ. ಆ ಭಯದಿಂದ ಊರಿನವರು ಮಕ್ಕಳನ್ನು ಹೆರುವುದನ್ನೇ ನಿಲ್ಲಿಸಿದ್ದಾರೆ. ಹಾಗೂ ಹುಟ್ಟಿದ ಒಂದು ಕೂಸನ್ನು ಹಿಮದಲ್ಲಿ ಬಿಟ್ಟುಬಂದಿದ್ದಾರೆ. ಹ್ಯಾಗರ್ಡ್ ಎತ್ತಿಕೊಂಡು ಮಗನೆಂದು ಸಾಕಿದ ಆ ಕೂಸೇ ಲಿಯರ್. ಅವನ ಮುಖದಲ್ಲಿ ಭಾವವಿಲ್ಲವೆಂಬ ತಮ್ಮ ದೂರಿನ ಒಂದು ಕಾರಣ ಇಲ್ಲಿದೆಯೆಂದು ನನಗೆ ತೋರುತ್ತದೆ. ಚಿತ್ರದಲ್ಲಿ ಅವನಿಗೆ ಹಿಂದಿನ ಕಥೆಯೇ ಇಲ್ಲ. ಹಿಂದಿಲ್ಲದ ಪಾತ್ರಕ್ಕೆ ಚಿತ್ರಕಾರನು ಎಲ್ಲಿಂದ ಮುಖ ತಂದಾನು?

ಇದಕ್ಕಿಂತ ದೊಡ್ಡ ನಷ್ಟ ಷ್ಮೆಂಡ್ರಿಕ್‌ನದು. ಚಿತ್ರದಲ್ಲಿ ಅವನು ಎಡವುತ್ತ ಎಡವುತ್ತ ಕೊನೆಗೆ ದಡ ಸೇರುವ ಅರೆಬೆಂದ ಮಾಂತ್ರಿಕ. ಕಾದಂಬರಿಯಲ್ಲಿ ಅವನ ಗುರು ನಿಕೋಸ್, ಶಿಷ್ಯನ ಒಳಗಿರುವ ಶಕ್ತಿ ಎಷ್ಟು ದೊಡ್ಡದೋ ಅವನ ಅಸಮರ್ಥತೆಯೂ ಅಷ್ಟೇ ದೊಡ್ಡದೆಂಬುದನ್ನು ಕಂಡು, ನಿಜವಾದ ಮಾಂತ್ರಿಕನಾಗುವವರೆಗೂ ಮುಪ್ಪು ಬಾರದಂತೆ ಕಟ್ಟುಹಾಕಿರುತ್ತಾನೆ. ಹಾಗಾಗಿ ಅವನಿಗೆ ವಿದ್ಯೆ ಒಲಿಯುವ ಗಳಿಗೆಯೇ ಸಾವಿನ ದಾರಿ ತೆರೆಯುವ ಗಳಿಗೆ, ಮತ್ತು ಅವನು ಅದಕ್ಕಾಗಿಯೇ ಹಂಬಲಿಸುತ್ತಾನೆ. ಸಾವಿಲ್ಲದ ಯೂನಿಕಾರ್ನ್‌ಗೆ ಸಾಯುವ ದೇಹವೊಂದು ಬಂದೊದಗಿ ಅವಳು ನಡುಗುವ ಕಥೆಯ ಪಕ್ಕದಲ್ಲಿ, ಮುಪ್ಪಿಲ್ಲದ ಮನುಷ್ಯನೊಬ್ಬ ಸಾವನ್ನು ವರವೆಂದು ಪಡೆಯುವ ಈ ಕಥೆಯನ್ನಿಟ್ಟು ನೋಡಿ. ಕಾದಂಬರಿ ನಿಂತಿರುವುದೇ ಈ ಎರಡರ ನಡುವಿನ ಎಳೆತದ ಮೇಲೆ. ಚಿತ್ರ ಒಂದನ್ನು ಮಾತ್ರ ಉಳಿಸಿಕೊಂಡಿದೆ. ಆದ್ದರಿಂದ ಓದಿ ಎಂದೇ ಹೇಳುತ್ತೇನೆ. ಓದಿದ ನಂತರ ಚಿತ್ರದ ಅಗತ್ಯ ಉಳಿಯುತ್ತದೆಯೇ ಎಂಬುದರಲ್ಲಿ ನನಗೂ ಅನುಮಾನವಿದೆ.

ಉತ್ತರ: ಮಸಿಕುಂಚ

ಆ ಅನುಮಾನಕ್ಕೆ ನನ್ನ ಸಮ್ಮತಿಯಿಲ್ಲ. ಚಿತ್ರವನ್ನು ಮಾತಿನ ಕಡೆಯಿಂದ ಮಾತ್ರ ಅಳೆದರೆ ಅದು ಕಾದಂಬರಿಯ ಮೊಟಕುಗೊಂಡ ಪ್ರತಿಯಾಗಿಯೇ ಕಾಣುತ್ತದೆ. ಬರೆದ ಗೆರೆಯ ಕಡೆಯಿಂದಲೂ ಒಮ್ಮೆ ನೋಡೋಣ.

ಮೊದಲು ಚಲನೆಯ ವಿಷಯ. ನಿರ್ಮಾಣ ಮತ್ತು ನಿರ್ದೇಶನ ಆರ್ಥರ್ ರ್‍ಯಾಂಕಿನ್ ಹಾಗೂ ಜೂಲ್ಸ್ ಬಾಸ್ ಅವರದಾದರೂ, ಚಿತ್ರದ ಗೆರೆಗಳನ್ನು ಬರೆದದ್ದು ಜಪಾನಿನ ಟಾಪ್‌ಕ್ರಾಫ್ಟ್ ಎಂಬ ಸ್ಟುಡಿಯೊ. ಇದೇ ಜೋಡಿಗಾಗಿ 1977ರ 'ದಿ ಹಾಬಿಟ್' ಟೆಲಿವಿಷನ್ ಚಿತ್ರವನ್ನು ಬರೆದವರೂ ಅವರೇ. ಇದನ್ನು ಜಪಾನಿನ ಪ್ರಸಿದ್ಧ ಅನಿಮೇಷನ್ ಸಂಸ್ಥೆ ಘಿಬ್ಲಿ ಸ್ಟುಡಿಯೊ ಮಾಡಿತೆಂದು ಹೇಳುವವರಿದ್ದಾರೆ; ಘಿಬ್ಲಿ ಸ್ಥಾಪನೆಯಾದದ್ದು 1985ರಲ್ಲಿ. ಟಾಪ್‌ಕ್ರಾಫ್ಟ್ 1984ರಲ್ಲಿ ಹಯಾವೊ ಮಿಯಾಝಾಕಿಯವರ 'ನೌಸಿಕಾ' ಚಿತ್ರಕ್ಕೆ ಕೆಲಸ ಮಾಡಿತ್ತು ಮತ್ತು ಅಲ್ಲಿದ್ದ ಕೆಲವರು ಮುಂದೆ ಘಿಬ್ಲಿಗೆ ಹೋದರು ಎಂಬುದಷ್ಟೇ ಆ ಮಾತಿನ ಹಿಂದಿರುವ ನಿಜ.

ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮ್‌ಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡು ಫ್ರೇಮ್‌ಗಳ ಕಾಲ ಹಿಡಿದಿಟ್ಟರೆ ಸೆಕೆಂಡಿಗೆ 12 ಚಿತ್ರ ಸಾಕು, ಮೂರು ಫ್ರೇಮ್‌ಗಳ ಕಾಲ ಹಿಡಿದಿಟ್ಟರೆ 8 ಸಾಕು. ಖರ್ಚಿಗೆ ಹಣ ಕಡಿಮೆಯಿರುವಾಗ ಎಲ್ಲರೂ ಹಿಡಿಯುವ ದಾರಿ ಇದು. ಮನುಷ್ಯರು ನಡೆದಾಡುವಾಗ, ಕೈಯಾಡಿಸುವಾಗ ಇದರ ಕೊರತೆ ಎದ್ದು ಕಾಣುತ್ತದೆ. ಈ ವಿಷಯದಲ್ಲಿ ಹಳೆಯ ರೀಲು ಅವರ ದೂರು ನ್ಯಾಯವಾದದ್ದು. ಆದರೆ ಯೂನಿಕಾರ್ನ್ ಪಾತ್ರಕ್ಕೆ ಇದೇ ಮಿತಿ ಅನುಕೂಲವಾಗಿ ಒದಗಿಬಂದಿದೆ. ಕಾಲದ ಹಂಗಿಲ್ಲದ ಜೀವ ಸುಮ್ಮನೆ ನಿಂತಿರುತ್ತದೆ, ತಲೆಯನ್ನಷ್ಟೇ ತಿರುಗಿಸುತ್ತದೆ. ಸುತ್ತಲಿನವರೆಲ್ಲ ತಡವರಿಸುತ್ತ ಓಡಾಡುವಾಗ ಅವಳೊಬ್ಬಳೇ ನಿಶ್ಚಲಳು. ಉದ್ದೇಶಪೂರ್ವಕವೋ ಬಡತನದ ಫಲವೋ ಎಂದು ತೀರ್ಮಾನಿಸುವುದು ಕಷ್ಟ. ಪರಿಣಾಮವಂತೂ ತೆರೆಯ ಮೇಲಿದೆ.

ಎರಡನೆಯದಾಗಿ, ಆರಂಭದ ಶೀರ್ಷಿಕೆಗಳ ಹಿಂದೆ ಬರುವ ಚಿತ್ರಗಳನ್ನು ಗಮನವಿಟ್ಟು ನೋಡಿ. ನ್ಯೂಯಾರ್ಕಿನ ಕ್ಲಾಯ್‌ಸ್ಟರ್ಸ್ ಸಂಗ್ರಹಾಲಯದಲ್ಲಿ ಯೂನಿಕಾರ್ನ್ ಬೇಟೆಯನ್ನು ಕುರಿತ, ಉಣ್ಣೆ ಮತ್ತು ರೇಷ್ಮೆಯಲ್ಲಿ ನೇಯ್ದ ಏಳು ದೊಡ್ಡ ಗೋಡೆತೆರೆಗಳಿವೆ, 1500ರ ಆಸುಪಾಸಿನವು. ಚಿತ್ರದ ಆರಂಭದ ಶೈಲಿಗೆ ಮೂಲ ಅವೇ. ಅವುಗಳ ಪೈಕಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದರಲ್ಲಿ ಬಿಳಿಯ ಯೂನಿಕಾರ್ನ್ ಹೂಗಳ ನಡುವೆ, ಒಂದು ಸಣ್ಣ ದುಂಡನೆಯ ಬೇಲಿಯೊಳಗೆ, ಸರಪಳಿಯಿಂದ ಮರಕ್ಕೆ ಕಟ್ಟಿಸಿಕೊಂಡು ಕುಳಿತಿದೆ. ಇಡೀ ಚಿತ್ರ ಈ ಬೇಲಿಯನ್ನೇ ಮತ್ತೆ ಮತ್ತೆ ಬೇರೆ ರೂಪದಲ್ಲಿ ಬರೆಯುತ್ತದೆ ಎಂಬುದು ನನ್ನ ಅಭಿಪ್ರಾಯ: ದಾರಿಯಲ್ಲಿ ಅವಳನ್ನು ಸೆರೆಹಿಡಿಯುವ ಮಾಟಗಾತಿ ಮುದುಕಿ ಮಾಮಿ ಫಾರ್ಚುನಾಳ ಸಂಚಾರಿ ಮೃಗಶಾಲೆಯ ಪಂಜರ, ಅಮಾಲ್ಥಿಯಾಳ ಮನುಷ್ಯ ದೇಹ, ಕೊನೆಗೆ, ಕೆಂಪು ಗೂಳಿ ಉಳಿದ ಯೂನಿಕಾರ್ನ್‌ಗಳನ್ನೆಲ್ಲ ಅಟ್ಟಿ ಕೂಡಿಹಾಕಿರುವ ಕಡಲು.

ಆ ಮೃಗಶಾಲೆಯ ದೃಶ್ಯವನ್ನೇ ತೆಗೆದುಕೊಳ್ಳಿ. ಮುದುಕಿ ಒಂದು ಮುದಿ ಸಿಂಹವನ್ನು ಮ್ಯಾಂಟಿಕೋರ್ (ಮನುಷ್ಯಮುಖದ ಸಿಂಹ) ಎಂದೂ ಒಂದು ಕೋತಿಯನ್ನು ಸಟೈರ್ (ಅರ್ಧ ಮನುಷ್ಯ, ಅರ್ಧ ಆಡು) ಎಂದೂ ಮಾಯೆಯಿಂದ ತೋರಿಸುತ್ತಾಳೆ. ಅಲ್ಲಿರುವ ನಿಜವಾದ ಅದ್ಭುತಗಳು ಎರಡೇ, ಯೂನಿಕಾರ್ನ್ ಮತ್ತು ಹಾರ್ಪಿ ಎಂಬ ಹೆಣ್ಣುರೂಪದ ಭಯಂಕರ ಹಕ್ಕಿ. ಆದರೆ ಜನರ ಕಣ್ಣಿಗೆ ನಿಜವಾದ ಕೊಂಬು ಕಾಣುವುದಿಲ್ಲವಾದ್ದರಿಂದ, ನಿಜವಾದ ಯೂನಿಕಾರ್ನ್‌ನ ಹಣೆಗೇ ಅವಳು ಮಾಯೆಯ ಸುಳ್ಳು ಕೊಂಬನ್ನು ಅಂಟಿಸಬೇಕಾಗುತ್ತದೆ. ಕಾದಂಬರಿಯಲ್ಲಿ ಇದೊಂದು ಸೊಗಸಾದ ಕಲ್ಪನೆ. ಚಿತ್ರದಲ್ಲಿ ಸಿಂಹವೂ ಮ್ಯಾಂಟಿಕೋರ್ ಕೂಡ ಒಂದೇ ಕುಂಚದ ಗೆರೆಗಳಾದ್ದರಿಂದ ಒಂದು ಇನ್ನೊಂದರೊಳಕ್ಕೆ ಕರಗಿ ಹೋಗುವುದನ್ನು ನಾವು ಕಣ್ಣಾರೆ ನೋಡುತ್ತೇವೆ, ಮತ್ತು ಮುದುಕಿಯ ಮಾಯೆಗೆ ಒಳಗಾದ ಪ್ರೇಕ್ಷಕರ ಸಾಲಿನಲ್ಲಿ ನಾವೂ ನಿಂತಿರುತ್ತೇವೆ. ಹಾಗೆಯೇ ಕೊನೆಯಲ್ಲಿ ಅಲೆಗಳ ಬಿಳಿನೊರೆ ನೂರಾರು ಯೂನಿಕಾರ್ನ್‌ಗಳಾಗಿ ದಡಕ್ಕೆ ನುಗ್ಗುವ ದೃಶ್ಯ. ನೊರೆ ಎಲ್ಲಿ ಮುಗಿಯಿತು, ಕೇಸರ ಎಲ್ಲಿ ಶುರುವಾಯಿತು ಎಂದು ಹೇಳಲಾಗದಂತೆ ಅದನ್ನು ಬರೆದಿದ್ದಾರೆ. ಇದು ಎರವಲಲ್ಲ.

ಉತ್ತರ: ಕಡಲಮೊರೆತ

ಹಾಡುಗಳ ಬಗ್ಗೆ ಒಂದು ಸಣ್ಣ ತಕರಾರು. ಜಿಮ್ಮಿ ವೆಬ್ ಸಂಯೋಜಿಸಿ 'ಅಮೆರಿಕ' ತಂಡ ಹಾಡಿದ ಶೀರ್ಷಿಕೆ ಗೀತೆಯನ್ನು ಹಾಗೆ ತಳ್ಳಿಹಾಕುವುದು ಸರಿಯಲ್ಲ. ಅದು ಕಥೆಯನ್ನು ನಿಲ್ಲಿಸುವುದಿಲ್ಲ, ಕಥೆಗೆ ಬಾಗಿಲು ತೆರೆಯುತ್ತದೆ. ರಾಜಕುಮಾರನೂ ಅಮಾಲ್ಥಿಯಾಳೂ ಹಾಡಿಕೊಳ್ಳುವ ಯುಗಳಗೀತೆಯ ಪರವಾಗಿ ವಾದಿಸುವ ಧೈರ್ಯ ನನಗಿಲ್ಲ.

ಚಿತ್ರದ ಸ್ವಂತ ಗಳಿಕೆಯ ಲೆಕ್ಕಕ್ಕೆ ಕಂಠದಾನವನ್ನೂ ಸೇರಿಸಬೇಕು. ಹ್ಯಾಗರ್ಡನಿಗೆ ದನಿ ಕೊಟ್ಟವರು ಬ್ರಿಟಿಷ್ ನಟ ಕ್ರಿಸ್ಟೋಫರ್ ಲೀ. ಯಾವ ಮಾತುಗಳನ್ನು ಕೈಬಿಡಲೇಕೂಡದೆಂದು ಗುರುತು ಹಾಕಿಕೊಂಡ ಕಾದಂಬರಿಯ ಪ್ರತಿಯೊಂದಿಗೆ ಅವರು ಧ್ವನಿಮುದ್ರಣಕ್ಕೆ ಬಂದಿದ್ದರೆಂದು ಬೀಗಲ್ ಹೇಳಿಕೊಂಡಿದ್ದಾರೆ. ಜರ್ಮನ್ ಆವೃತ್ತಿಯಲ್ಲಿಯೂ ಆ ಪಾತ್ರಕ್ಕೆ ಲೀ ಅವರೇ ಜರ್ಮನ್ ಭಾಷೆಯಲ್ಲಿ ದನಿ ನೀಡಿದರು. ಕೋಟೆಯ ಮೇಲೆ ನಿಂತು, ತಾನು ಮೊದಲ ಬಾರಿ ಯೂನಿಕಾರ್ನ್‌ಗಳನ್ನು ಕಂಡಾಗ ಸತ್ತೇಹೋಗುತ್ತೇನೆಂದುಕೊಂಡೆ ಎಂದು ದೊರೆ ನೆನೆಯುವ ಭಾಗವನ್ನು ಕಣ್ಣು ಮುಚ್ಚಿಕೊಂಡು ಕೇಳಿ. ಪುಟದ ಮೇಲೆ ಆ ದೊರೆ ಕ್ರೂರಿಯೆಂದು ಓದಿಕೊಳ್ಳಲು ಅವಕಾಶವಿದೆ. ಲೀ ಅವರ ದನಿಯಲ್ಲಿ ಕೇಳಿಸುವುದು ದಣಿವು.

ಮರುಪ್ರಶ್ನೆ: ಹಳೆಯ ರೀಲು

ಎಲ್ಲರಿಗೂ ಕೃತಜ್ಞತೆಗಳು. ಮಸಿಕುಂಚ ಅವರು ಹೇಳಿದ ಬೇಲಿಯ ಮಾತು ನನ್ನ ಪ್ರಶ್ನೆಯನ್ನೇ ಸ್ವಲ್ಪ ಬದಲಾಯಿಸಿದೆ. ಯೂನಿಕಾರ್ನ್‌ಳನ್ನು ಕಂಡ ಕೂಡಲೇ ಗುರುತಿಸುವವರು ಈ ಕಥೆಯಲ್ಲಿ ಕೆಲವರೇ. ಅವರಲ್ಲಿ ಫಾರ್ಚುನಾ ಅವಳನ್ನು ಪಂಜರಕ್ಕೆ ಹಾಕುತ್ತಾಳೆ. ಹ್ಯಾಗರ್ಡ್ ಅಮಾಲ್ಥಿಯಾಳ ಕಣ್ಣುಗಳಲ್ಲಿಯೇ ಏನನ್ನೋ ಹುಡುಕುತ್ತಾನೆ, ಮತ್ತು ಆ ಕಣ್ಣುಗಳು ಬರಿದಾಗಿ ಎಲ್ಲರ ಕಣ್ಣುಗಳಂತಾದದ್ದನ್ನು ಗಮನಿಸುವವನೂ ಅವನೇ. ಅಂದರೆ ಸೌಂದರ್ಯವನ್ನು ನಿಜವಾಗಿ ಅರಿತವರೇ ಅದನ್ನು ಕೂಡಿಹಾಕುವವರೂ ಆಗಿದ್ದಾರೆ. ಹಾಗಾದರೆ ಈ ಪಟ್ಟಿಯಲ್ಲಿ ಮಾಲಿ ಗ್ರೂ ಎಲ್ಲಿ ನಿಲ್ಲುತ್ತಾಳೆ? ಕಾದಂಬರಿಯಲ್ಲಿ ಅವಳ ಪಾತ್ರ ಬೇರೆಯಾಗಿದೆಯೇ?

ಉತ್ತರ: ಪುಟದಂಚು

ಮಾಲಿಯ ಮೊದಲ ಭೇಟಿಯ ಪ್ರಸಂಗ ಎರಡರಲ್ಲಿಯೂ ಬಹುಮಟ್ಟಿಗೆ ಒಂದೇ. ಯೂನಿಕಾರ್ನ್‌ಳನ್ನು ನೋಡಿದ ಕ್ಷಣವೇ ಅವಳು ಸಿಡಿಮಿಡಿಗೊಂಡು ಬೈಯುತ್ತಾಳೆ: ಹರೆಯದಲ್ಲಿ ಬಾರದೆ, ಈಗ, ತಾನು ಹೀಗಾದ ಮೇಲೆ ಬರುವ ಧೈರ್ಯವಾದರೂ ಹೇಗೆ ಬಂತೆಂದು. ಯೂನಿಕಾರ್ನ್ ಒಲಿದು ಬರುವುದು ಹದಿಹರೆಯದ ಕನ್ಯೆಗೆ ಮಾತ್ರ ಎಂಬ ಹಳೆಯ ನಂಬಿಕೆಯನ್ನು ಬಲ್ಲವರಿಗೆ ಆ ಬೈಗುಳದ ಒಳಗಿನ ಅಳು ಕೇಳಿಸುತ್ತದೆ. ಮಗುವಿಗೆ ಅಲ್ಲಿ ಕಾಣುವುದು ಪಾಪದ ಪ್ರಾಣಿಯೊಂದನ್ನು ಗದರಿಸುವ ಒರಟು ಹೆಂಗಸು. ಬೈದು ಮುಗಿದ ಮೇಲೆ ಅವಳು ಕ್ಷಮಿಸುತ್ತಾಳೆ, ಹಿಂದೆ ಮುಂದೆ ನೋಡದೆ ಜೊತೆಗೆ ಹೊರಡುತ್ತಾಳೆ. ಬೇಕೆಂದು ಬದುಕೆಲ್ಲ ಹಂಬಲಿಸಿದ್ದು ಎದುರಿಗೆ ಬಂದಾಗಲೂ ಕೈಚಾಚಿ ಹಿಡಿದುಕೊಳ್ಳದವಳು ಈ ಕಥೆಯಲ್ಲಿ ಅವಳೇ. ತಮ್ಮ ಪಟ್ಟಿಯನ್ನು ಅವಳು ಸುಳ್ಳು ಮಾಡುತ್ತಾಳೆ.

ಕಾದಂಬರಿಯ ಮುಕ್ತಾಯದಲ್ಲಿ ಅವಳ ಪಾಲು ಸ್ವಲ್ಪ ಹೆಚ್ಚು. ಗೂಳಿ ಕಡಲು ಸೇರಿ, ಕೋಟೆ ಉರುಳಿ, ಸತ್ತ ಲಿಯರ್‌ನನ್ನು ಯೂನಿಕಾರ್ನ್ ತನ್ನ ಕೊಂಬಿನ ಸ್ಪರ್ಶದಿಂದ ಎಬ್ಬಿಸಿ ಹೊರಟುಹೋದ ಮೇಲೆ, ಚಿತ್ರ ಬೀಳ್ಕೊಡುಗೆಗಳನ್ನು ಮುಗಿಸಿ ಯೂನಿಕಾರ್ನ್‌ಳನ್ನು ಕಾಡಿನ ಕಡೆಗೆ ಕಳುಹಿಸುತ್ತದೆ. ತನ್ನ ಕುಲದಲ್ಲಿ ಬೇರೆ ಯಾರೂ ಅರಿಯದ ಪಶ್ಚಾತ್ತಾಪವನ್ನು ತಾನೊಬ್ಬಳು ಅರಿತಿರುವುದಾಗಿಯೂ, ಆ ನೋವಿಗಾಗಿಯೂ ಕೃತಜ್ಞಳಾಗಿರುವುದಾಗಿಯೂ ಮಾಂತ್ರಿಕನಿಗೆ ಹೇಳುತ್ತಾಳೆ. ಕಾದಂಬರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ದಾರಿಯಲ್ಲಿ ಷ್ಮೆಂಡ್ರಿಕ್ ಮತ್ತು ಮಾಲಿಗೆ ಕಷ್ಟದಲ್ಲಿರುವ ರಾಜಕುಮಾರಿಯೊಬ್ಬಳು ಎದುರಾಗುತ್ತಾಳೆ, ಅವರು ಅವಳನ್ನು ಈಗ ದೊರೆಯಾಗಿರುವ ಲಿಯರ್‌ನ ಬಳಿಗೆ ಕಳುಹಿಸಿ ತಮ್ಮ ದಾರಿ ಹಿಡಿಯುತ್ತಾರೆ. ಲಿಯರ್‌ನ ದುಃಖಕ್ಕೆ ಬೀಗಲ್ ಕೊಡುವ ಮದ್ದು ಇನ್ನೊಂದು ಸಾಹಸ. ಅದರಲ್ಲಿ ನಗುವೂ ಇದೆ.

ಈ ಕೊನೆಯ ಪ್ರಸಂಗವನ್ನು ಚಿತ್ರ ಬಿಟ್ಟದ್ದು ಕೊರತೆಯೆಂದೇ ನಾನು ಇದುವರೆಗೆ ಎಣಿಸಿದ್ದೆ. ಮಸಿಕುಂಚ ಅವರ ಬರಹ ಓದಿದ ಮೇಲೆ, ಬೇಲಿಗಳನ್ನೇ ಬರೆಯುತ್ತ ಬಂದ ಚಿತ್ರವೊಂದಕ್ಕೆ ಬೇಲಿಯಿಂದ ಹೊರಬಿದ್ದ ಪ್ರಾಣಿಯ ಹಿಂದೆಯೇ ಹೋಗುವುದು ಸಹಜವಾಗಿತ್ತು, ರಾಜಕುಮಾರಿಗೆ ಅಲ್ಲಿ ಜಾಗವಿರಲಿಲ್ಲ ಎಂದು ತೋರುತ್ತಿದೆ. ತಾವು ಓದಲು ಕುಳಿತಾಗ ಹ್ಯಾಗ್ಸ್‌ಗೇಟ್ ಅಧ್ಯಾಯವನ್ನು ಅವಸರದಲ್ಲಿ ದಾಟಬೇಡಿ. ಓದಿ ಮುಗಿದ ಮೇಲೆ ಚಿತ್ರವನ್ನು ಇನ್ನೊಮ್ಮೆ ನೋಡುವುದಾದರೆ, ಹಳೆಯ ಟೆಲಿವಿಷನ್ ಅಳತೆಗೆ ಎರಡೂ ಬದಿ ಕತ್ತರಿಸಿದ ಪ್ರತಿಯನ್ನು ಬಿಟ್ಟು ಚಿತ್ರಮಂದಿರದ ಅಗಲವಿರುವ ಪ್ರತಿಯನ್ನೇ ಹುಡುಕಿಕೊಳ್ಳಿ. ಕತ್ತರಿಸಿದ ಪ್ರತಿಯಲ್ಲಿ ಕಡಲಿನ ದೃಶ್ಯದ ಅಂಚುಗಳು ಕಾಣಿಸುವುದಿಲ್ಲ.