"ಹೆಚ್ಚಿನ ಅನುಪಾತ" ಎಂದರೆ ಎಳೆಯುವುದೋ, ಓಡುವುದೋ?

ಹಳೆಯ ಕಾರಿನ ಗೇರುಪೆಟ್ಟಿಗೆಗೂ ಹಿಂದಿನ ಆಕ್ಸಲ್‌ಗೂ ಎಂಥ ಅನುಪಾತ (ಒಳಬರುವ ಶಾಫ್ಟು ಎಷ್ಟು ಸುತ್ತು ತಿರುಗಿದರೆ ಹೊರಹೋಗುವುದು ಒಂದು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಆರಿಸಬೇಕು ಎಂಬುದರ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಮೊದಲ ಕರಡಿನಲ್ಲಿ "ಹೆದ್ದಾರಿಯ ಓಡಾಟವೇ ಜಾಸ್ತಿಯಿದ್ದರೆ ಈಗಿರುವುದಕ್ಕಿಂತ ಹೆಚ್ಚಿನ ಅನುಪಾತದ ಆಕ್ಸಲ್ ಹಾಕಿಸಿ" ಎಂದು ಬರೆದಿದ್ದೆ. ಅದನ್ನು ಓದಿದ ಗೆಳೆಯ, 3.9 ಇದ್ದ ತನ್ನ ಕಾರಿಗೆಂದು 4.3ರ ಕ್ರೌನ್-ಪಿನಿಯನ್ ಜೋಡಿಯನ್ನು (ಆಕ್ಸಲ್‌ನೊಳಗಿನ ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ತಂದಿಟ್ಟುಕೊಂಡ. 3.9ಕ್ಕಿಂತ 4.3 ಹೆಚ್ಚಲ್ಲವೇ? ಅವನು ಕನ್ನಡವನ್ನು ಸರಿಯಾಗಿಯೇ ಓದಿದ್ದ, ತಪ್ಪು ನನ್ನದು. ನಾನು ಹೇಳಹೊರಟದ್ದು ಅದಕ್ಕೆ ಪೂರ್ತಿ ತದ್ವಿರುದ್ಧ. ಆಕ್ಸಲ್ ಬಿಚ್ಚುವ ಮೊದಲು ಅವನು ನನ್ನನ್ನು ಒಂದು ಮಾತು ಕೇಳಿದ್ದರಿಂದ ಕೆಲಸ ಅಲ್ಲಿಗೇ ನಿಂತಿತು.

ತೊಡಕು ಎಲ್ಲಿದೆ ನೋಡಿ. ಬ್ರಿಟನ್ನಿನ ಎಂಜಿ ಕಂಪನಿಯ ಮೂರು ಕಾರುಗಳನ್ನು ತೆಗೆದುಕೊಳ್ಳೋಣ. 1955ರ ಎಂಜಿಎ, 1962ರ ಎಂಜಿಬಿ, 1973ರ ಎಂಜಿಬಿ ಜಿಟಿ ವಿ8. ಮೂರರಲ್ಲೂ ಕ್ರೌನ್‌ಗೆ 43 ಹಲ್ಲು. ಪಿನಿಯನ್‌ಗೆ ಮಾತ್ರ ಕ್ರಮವಾಗಿ 10, 11, 14. ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಅನುಪಾತ 4.3, 3.909, 3.07. (43 ಅವಿಭಾಜ್ಯ ಸಂಖ್ಯೆ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಸರದಿಯಂತೆ ಕ್ರೌನಿನ ಎಲ್ಲ ಹಲ್ಲುಗಳನ್ನೂ ಮುಟ್ಟಿ ಬರುತ್ತದೆ, ಸವೆತ ಒಂದೇ ಕಡೆ ಬೀಳುವುದಿಲ್ಲ. ಇಂಥ ಜೋಡಿಗೂ ಕನ್ನಡದಲ್ಲಿ ಒಂದು ಹೆಸರಿದ್ದರೆ ಎಷ್ಟು ಚೆನ್ನ!) ಎಂಜಿನ್ ದೊಡ್ಡದಾದಂತೆ, ಬಲ ಹೆಚ್ಚಿದಂತೆ ಸಂಖ್ಯೆ ಇಳಿಯುತ್ತ ಬಂದಿದೆ. ಸಂಖ್ಯೆ ಇಳಿದರೆ ಅದೇ ವೇಗಕ್ಕೆ ಎಂಜಿನ್ ತಿರುಗುವುದು ಕಡಿಮೆ. ಚಕ್ರದ ಸುತ್ತಳತೆ 1.88 ಮೀಟರ್ ಎಂದಿಟ್ಟುಕೊಂಡರೆ, 1:1ರ ಟಾಪ್ ಗೇರಿನಲ್ಲಿ ಗಂಟೆಗೆ 100 ಕಿಲೋಮೀಟರ್ ಹೋಗಲು 4.3ರಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,810 ಸುತ್ತು ತಿರುಗಬೇಕು, 3.909ರಲ್ಲಿ 3,470, 3.07ರಲ್ಲಿ ಬರೀ 2,720.

ಇಂಗ್ಲಿಷ್ ಬಳಕೆಯಲ್ಲಿ ಈ 3.07 "ಹೈ" ಅನುಪಾತ. ಅಲ್ಲಿ ನೋಟ ಗೇರಿನ ಮೇಲಿದೆ, ಸಂಖ್ಯೆಯ ಮೇಲಲ್ಲ. ಸಂಖ್ಯೆ ಹಿಡಿದು ಮಾತಾಡುವವರೂ ಇದ್ದಾರೆ, ಅವರಿಗೆ 4.3 "ಹೈ". ಅಲ್ಲೇ ಇತ್ಯರ್ಥವಾಗದ ಗೊಂದಲವನ್ನು ನಾವು "ಹೆಚ್ಚು", "ಉನ್ನತ" ಎಂದು ಹೊತ್ತು ತಂದಿದ್ದೇವೆ.

ಮಾತಿನ ಕನ್ನಡದಲ್ಲಿ ಇದು ಅರ್ಧ ಬಗೆಹರಿದಿದೆ. "ಗೇರು ಇಳಿಸು" ಎಂದರೆ ಥರ್ಡಿನಿಂದ ಸೆಕೆಂಡಿಗೆ ಬಾ ಎಂದೇ, ಯಾರಿಗೂ ಅನುಮಾನವಿಲ್ಲ. ಆದರೆ ಅಲ್ಲೇ ನೋಡಿ, ಗೇರು ಇಳಿದಾಗ ಅನುಪಾತದ ಸಂಖ್ಯೆ ಏರುತ್ತದೆ. ಅನುಪಾತಕ್ಕೆ ಏರಿಳಿತದ ಮಾತು ಹಚ್ಚಿದ ಕೂಡಲೇ ಎರಡೂ ಡಿಕ್ಕಿ ಹೊಡೆಯುತ್ತವೆ. "ಉದ್ದ ಗೇರು", "ಗಿಡ್ಡ ಗೇರು" ಎಂದೂ ಬರೆದು ನೋಡಿದೆ. ಓದಿದವರು ಗೇರಿನ ಕೋಲಿನ ಉದ್ದ ಎಂದುಕೊಂಡರು.

ಹಾಗಾಗಿ ಗ್ಯಾರೇಜಿನ ಮಾತಿಗೇ ಮರಳಿದ್ದೇನೆ. ಅಲ್ಲಿ ಗಾಡಿ "ಎಳೆಯುತ್ತದೆ" ಅಥವಾ "ಓಡುತ್ತದೆ". 4.3 ಎಳೆತದ ಅನುಪಾತ, 3.07 ಓಟದ ಅನುಪಾತ. ನಡುವಿನವನ್ನು "ಎಳೆತದ ಕಡೆಗೆ", "ಓಟದ ಕಡೆಗೆ" ಎನ್ನಬಹುದು. ಈ ಜೋಡಿ ಸಿಕ್ಕ ಮೇಲೆ ಕೈಪಿಡಿಯ ಕಷ್ಟದ ಭಾಗ ತಾನಾಗಿ ಬಿಡಿಸಿಕೊಂಡಿತು. ಕಾರು ಕೊಳ್ಳುವವರು ಮರೆಯುವುದು ಒಟ್ಟು ಅನುಪಾತವನ್ನು, ಅಂದರೆ ಗೇರಿನದನ್ನು ಆಕ್ಸಲ್‌ನದರಿಂದ ಗುಣಿಸಿದಾಗ ಬರುವುದನ್ನು. ಫಸ್ಟ್ ಗೇರು 3.44, ಆಕ್ಸಲ್ 3.909 ಇದ್ದರೆ ಒಟ್ಟು 13.4. ಆಕ್ಸಲ್ಲನ್ನು 3.07ಕ್ಕೆ ಬದಲಿಸಿದರೆ 10.6. ಓಟ ಸಿಕ್ಕಿತು, ಎಳೆತದಲ್ಲಿ ಐದರಲ್ಲೊಂದು ಪಾಲು ಹೋಯಿತು. ಏರಿನಲ್ಲಿ ಹೊರಡುವಾಗ ಕ್ಲಚ್ಚು ಸುಡುವುದು ಆಗಲೇ. ಸ್ಪೀಡೋಮೀಟರಿನ ತಂತಿ ಗೇರುಪೆಟ್ಟಿಗೆಯಿಂದ ಬರುವ ಕಾರಾದರೆ ಮುಳ್ಳೂ ಸುಳ್ಳು ಹೇಳುತ್ತದೆ. 100ರಲ್ಲಿ ಓಡುವಾಗ 79 ತೋರಿಸುತ್ತದೆ. ಚಿಕ್ಕ ಎಂಜಿನ್ನಿಗೆ ಆಕ್ಸಲ್ ಮುಟ್ಟದೆ 0.82ರ ಓವರ್‌ಡ್ರೈವನ್ನೋ (ಟಾಪಿಗೂ ಮೇಲಿನ ಹೆಚ್ಚುವರಿ ಗೇರು) ಐದನೆಯ ಗೇರನ್ನೋ ಸೇರಿಸುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 3.909ನ್ನು 0.82ರಿಂದ ಗುಣಿಸಿದರೆ 3.2. ಫಸ್ಟಿನ ಎಳೆತ ಹಾಗೇ ಉಳಿದು ಟಾಪಿಗೆ ಓಟ ಸೇರುತ್ತದೆ.

ಇನ್ನೊಂದು ಪದವೂ ಮನಸ್ಸಿನಲ್ಲಿದೆ, "ಸುತ್ತು". ಆಕ್ಸಲ್‌ನಲ್ಲಿ ಯಾವ ಜೋಡಿ ಇದೆಯೆಂದು ತಿಳಿಯಲು ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತುತ್ತೇವೆ. ಗೇರುಪೆಟ್ಟಿಗೆಯಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸೀಮೆಸುಣ್ಣದ ಗೀಟು. ಇನ್ನೊಂದು ಚಕ್ರ ನೆಲದಲ್ಲೇ ನಿಂತಿರುವುದರಿಂದ ಎತ್ತಿದ ಚಕ್ರದ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ. ಎತ್ತಿದ ಚಕ್ರವನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿದರೆ ಗೀಟು ನಾಲ್ಕನೆಯ ಸಲ ಮೇಲೆ ಬರಲು ಚೂರು ಬಾಕಿ ಇರುವಾಗ ನಿಲ್ಲುತ್ತದೆ. ಅದು 3.9. ಇದನ್ನು "3.9 ಸುತ್ತಿನ ಆಕ್ಸಲ್" ಎಂದರೆ ಮಗುವಿಗೂ ಅರ್ಥ. ಸುತ್ತು ಹೆಚ್ಚೆಂದರೆ ತಿರುಗುವುದು ಹೆಚ್ಚು, ಅಷ್ಟೆ. ವಿವರಿಸಲು ಸುತ್ತು, ಆರಿಸಲು ಎಳೆತ ಮತ್ತು ಓಟ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಆಕ್ಸಲ್‌ಗೆ "ಇರುಸು" ಬಳಸಲು ಆಸೆಯಿದೆ, ಧೈರ್ಯವಿಲ್ಲ. ಬಂಡಿಯ ಇರುಸು ಅಲ್ಲಾಡದೆ ನಿಂತಿರುತ್ತದೆ, ಗಾಲಿ ಅದರ ಮೇಲೆ ತಿರುಗುತ್ತದೆ. ಇಲ್ಲಿ ಒಳಗಿನ ಶಾಫ್ಟೇ ತಿರುಗಿ ಚಕ್ರವನ್ನು ತಿರುಗಿಸುತ್ತದೆ. ಆ ವ್ಯತ್ಯಾಸವನ್ನು ಪದ ತಾಳಿಕೊಳ್ಳುತ್ತದೆಯೇ?

ಮುಖ್ಯವಾಗಿ ಕೇಳುವುದು ಇಷ್ಟು: 4.3 ಮತ್ತು 3.07ರ ಜೋಡಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಸಂಖ್ಯೆ ಹೇಳದೆ ಅವುಗಳಲ್ಲಿ ಒಂದನ್ನು ಕೇಳಬೇಕಾದರೆ ನಿಮ್ಮ ಬಾಯಿಗೆ ಮೊದಲು ಬರುವ ಮಾತು ಯಾವುದು?