ಕ್ಯಾಟ್ 6 ಸಾಕಾ, 10ಜಿ ಸ್ವಿಚ್ ಬೇಕಾ? ಮನೆ-ಆಫೀಸಿಗೆ ನೆಟ್‌ವರ್ಕ್ ಕೇಬಲ್ ಎಳೆಸಿದವರು ಅನುಭವ ಹೇಳಿ

ಪ್ರಶ್ನೆ, ಕಾವೂರಿನಿಂದ

ಮಂಗಳೂರು ಕಾವೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೆ ಮನೆ, ಮೇಲೆ ನಾಲ್ಕು ಜನ ಕೂರುವ ಡಿಸೈನ್ ಆಫೀಸ್. ಹಿತ್ತಿಲಿನ ಔಟ್‌ಹೌಸ್‌ನಲ್ಲಿ ಫೈಲ್ ಸ್ಟೋರೇಜ್ ಇಡುವ ಯೋಚನೆ ಉಂಟು. ಅಲ್ಲಿಗೆ ಸುಮಾರು 40 ಮೀಟರ್. ಪ್ಲಾಸ್ಟರಿಂಗ್‌ಗೆ ಮೊದಲು ಪೈಪ್ ಕೂರಿಸಬೇಕು. ಕ್ಯಾಟ್ 6 ಸಾಕಾ, ಅದಕ್ಕಿಂತ ಮೇಲ್ದರ್ಜೆಯ 6ಎ ಬೇಕಾ? ಕಂಪ್ಯೂಟರ್‌ಗಳನ್ನು ಜೋಡಿಸುವ ಸ್ವಿಚ್ 2.5ಜಿ (ಸೆಕೆಂಡಿಗೆ 2.5 ಗಿಗಾಬಿಟ್) ತೆಗೆದುಕೊಳ್ಳಲಾ, 10ಜಿಗೆ ಹೋಗಲಾ? ಎಲ್ಲಾ ಸೇರಿ 60 ಸಾವಿರದೊಳಗೆ ಮುಗಿಯಬೇಕು.

ಸುರತ್ಕಲ್‌ನಿಂದ

ಸ್ವಿಚ್ ವಿಷಯ ಆಮೇಲೆ ಮಾರಾಯ್ರೆ. ಮೊದಲು ಕೇಬಲ್ ಒಳಗೆ ಎಂತ ಉಂಟು ನೋಡಿ.

ನಮ್ಮ ವೈರಿಂಗ್ ಒಪ್ಪಿಕೊಂಡವರು "ಕ್ಯಾಟ್ 6, ಪ್ಯೂರ್ ಕಾಪರ್" ಎಂದು ಹೇಳಿ 305 ಮೀಟರ್ ಬಾಕ್ಸಿಗೆ 9,800 ತೆಗೆದುಕೊಂಡರು. ಕೂಲಿ ಪಾಯಿಂಟಿಗೆ 650, ಹದಿನಾಲ್ಕು ಪಾಯಿಂಟ್. ಅದೇ 9,100 ಆಯಿತು. ಪುಟ್ಟಿ, ಪೇಂಟ್ ಎಲ್ಲಾ ಮುಗಿಯಿತು. ಆಮೇಲೆ ಗೇಟಿನ ಕ್ಯಾಮರಾ ಕತ್ತಲಾದ ಕೂಡಲೇ ಆಫ್ ಆಗಿ ಆನ್ ಆಗಲು ಶುರುವಾಯಿತು. ಹಗಲಲ್ಲಿ ಏನೂ ತೊಂದರೆ ಇಲ್ಲ. ಕ್ಯಾಮರಾ ಬದಲಿಸಿದೆವು, 4,200. ಅದೇ ಕೇಬಲ್‌ನಲ್ಲಿ ಕ್ಯಾಮರಾಕ್ಕೆ ಕರೆಂಟ್ ಕೊಡುವ ಪಿಒಇ ಸ್ವಿಚ್ ಬದಲಿಸಿದೆವು, 6,900. ಗುಣ ಕಾಣಲಿಲ್ಲ. ಕೊನೆಗೆ ಅಣ್ಣನ ಮಗ ಉಳಿದ ಕೇಬಲ್ ತುಂಡು ತೆಗೆದು ತಂತಿಯನ್ನು ಬ್ಲೇಡಿನಿಂದ ಕೆರೆದ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಸಿಸಿಎ!

ಅಲ್ಯೂಮಿನಿಯಂನ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟಿಗಿಂತ ಜಾಸ್ತಿ. ರಾತ್ರಿ ಇನ್‌ಫ್ರಾರೆಡ್ ಲೈಟ್ ಹೊತ್ತಿದಾಗ ಕ್ಯಾಮರಾ ಹೆಚ್ಚು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಎರಡು ರೂಮಿನ ಲಿಂಕ್ ಕೂಡ ಗಿಗಾಬಿಟ್‌ನಿಂದ 100ಕ್ಕೆ ಇಳಿದು ಕೂತಿತ್ತು. ಆ ತಂತಿ ಗೋಡೆಯ ಜ್ಯಾಕ್, ಅಂದರೆ ಕೀಸ್ಟೋನ್‌ನಲ್ಲಿ ಒತ್ತುವಾಗಲೇ ಮುರಿಯುತ್ತದೆ. ಒಂದು ಜೋಡಿ ಹೋದರೆ ಗಿಗಾಬಿಟ್ ಹೋಯಿತು, ಅಲ್ವಾ.

ಹಳೆಯದನ್ನು ಎಳೆದು ತೆಗೆಯೋಣ ಎಂದರೆ 20 ಎಂಎಂ ಪೈಪು, ಬೆಂಡ್ ಇದ್ದ ಕಡೆಯೆಲ್ಲ ಸಿಮೆಂಟ್ ನೀರು ಇಳಿದು ಗಟ್ಟಿಯಾಗಿದೆ. ಗೋಡೆ ಕಡಿದು, ಪುನಃ ಗಾರೆ ಹಾಕಿ, ಪೇಂಟ್ ಹೊಡೆಯಲು 31 ಸಾವಿರ ಕೇಳಿದರು. ಕೊನೆಗೆ ಗೋಡೆಯ ಮೇಲೆ ಕೇಸಿಂಗ್ ಪಟ್ಟಿ ಹೊಡೆಸಿದೆವು. ಹೊಸ ಮನೆಯ ಹಾಲಿನಲ್ಲಿ ಉದ್ದಕ್ಕೆ ಬಿಳಿ ಪಟ್ಟಿ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮಣಿಪಾಲದಿಂದ

ನನ್ನದು ಮದುವೆ ವಿಡಿಯೊ ಎಡಿಟಿಂಗ್. 10ಜಿ ಹಾಕಿದ್ದೇನೆ, ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಮಾಮೂಲಿ ತಾಮ್ರದ ಕೇಬಲ್‌ನ ಆರ್‌ಜೆ45 ಜ್ಯಾಕ್ ದಾರಿ ಹಿಡಿಯಬೇಡಿ, ಮಾಡ್ಯೂಲ್ ತೂರಿಸುವ ಎಸ್‌ಎಫ್‌ಪಿ ಪ್ಲಸ್ ಪೋರ್ಟ್‌ಗೆ ಹೋಗಿ.

ಅಂಗಡಿಯವರು ಮೊದಲು ನನಗೆ ಒತ್ತಾಯಿಸಿ ಕೊಟ್ಟದ್ದು ತಾಮ್ರದ 10ಜಿ ಮಾಡ್ಯೂಲ್, ಒಂದಕ್ಕೆ 5,200. ಏಪ್ರಿಲ್ ಸೆಕೆಯಲ್ಲಿ ಅದು ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತದೆ. ಮಧ್ಯಾಹ್ನ ರೆಂಡರ್ ಕೊಟ್ಟರೆ ಲಿಂಕ್ ಬೀಳುತ್ತಿತ್ತು. ಆ ಮಾಡ್ಯೂಲ್‌ಗಳು ಸಾಮಾನ್ಯವಾಗಿ 30 ಮೀಟರ್‌ಗೇ ಸೀಮಿತ ಎಂದು ಮಾರುವಾಗ ಯಾರೂ ಹೇಳಲಿಲ್ಲ. ವಾಪಸ್ ತೆಗೆದುಕೊಳ್ಳಿ ಎಂದರೆ "ಪ್ಯಾಕೆಟ್ ಒಡೆದಿದೆ" ಎಂದರು. 10,400 ಡ್ರಾಯರ್‌ನಲ್ಲಿ ಬಿದ್ದಿದೆ.

ಈಗ ಇರುವುದು ಬೆಂಗಳೂರು ಎಸ್‌ಪಿ ರೋಡಿನಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಇಂಟೆಲ್ ಎಕ್ಸ್520 ನೆಟ್‌ವರ್ಕ್ ಕಾರ್ಡ್, ಒಂದಕ್ಕೆ 3,200. ಆ ಪೋರ್ಟಿಗೆ ನೇರ ತೂರಿಸುವ ಡಿಎಸಿ ಕೇಬಲ್ 1,400. ನಾಲ್ಕು ಎಸ್‌ಎಫ್‌ಪಿ ಪ್ಲಸ್ ಪೋರ್ಟಿನ ಮೈಕ್ರೊಟಿಕ್ ಸ್ವಿಚ್ 16 ಸಾವಿರದ ಹತ್ತಿರ. ಫ್ಯಾನ್ ಇಲ್ಲ, ಸದ್ದಿಲ್ಲ. ಒಂದು ಮದುವೆ ಎಂದರೆ ನಮಗೆ 400 ಜಿಬಿ. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 112 ಎಂಬಿ ಆಸುಪಾಸು, ಅಂದರೆ ಒಂದು ಗಂಟೆ. ಈಗ ಏಳೆಂಟು ನಿಮಿಷ. ಸೀಸನ್‌ನಲ್ಲಿ ಆ ಒಂದು ಗಂಟೆಯ ಬೆಲೆ ನನಗೆ ಗೊತ್ತು.

ಬಿಜೈಯಿಂದ

ಕೇಳಿದವರನ್ನೆಲ್ಲ 10ಜಿಗೆ ಎಳೆಯುವುದು ಸರಿಯಲ್ಲ. ನಮ್ಮದು ಆಡಿಟ್ ಆಫೀಸು, ಹನ್ನೆರಡು ಸೀಟು. 2016ರಲ್ಲಿ ಹಾಕಿಸಿದ, ಕ್ಯಾಟ್ 6ಕ್ಕಿಂತ ಹಳೆ ದರ್ಜೆಯ ಕ್ಯಾಟ್ 5ಇ ಈಗಲೂ ಗೋಡೆಯೊಳಗೆ ಉಂಟು. ಅದೇ ವರ್ಷ ಬಂದ 802.3ಬಿಝಡ್ ಸ್ಟ್ಯಾಂಡರ್ಡ್ ಪ್ರಕಾರ 5ಇಯಲ್ಲಿ 100 ಮೀಟರ್‌ವರೆಗೆ 2.5ಜಿ ಹೋಗುತ್ತದೆ. ಕಳೆದ ವರ್ಷ ಎಂಟು ಪೋರ್ಟಿನ 2.5ಜಿ ಸ್ವಿಚ್ ಒಂದು ತಂದೆವು, 18 ಶೇಕಡಾ ಜಿಎಸ್‌ಟಿ ಸೇರಿ 11,500. ಸರ್ವರ್ ಮತ್ತು ಜಾಸ್ತಿ ಕೆಲಸದ ಸಿಸ್ಟಂಗಳು ಅದರಲ್ಲಿ, ಉಳಿದವು ಹಳೆ ಸ್ವಿಚ್‌ನಲ್ಲೇ. ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ.

ಸ್ಟೋರೇಜ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಒಂದೇ ಇದ್ದರೆ ಅದು ಸೆಕೆಂಡಿಗೆ 200 ಎಂಬಿ ಆಸುಪಾಸಿನಲ್ಲಿ ನಿಲ್ಲುತ್ತದೆ. 10ಜಿ ಹಾಕಿ ಪ್ರಯೋಜನ ಏನು? ಸುಮ್ನೆ ದುಡ್ಡು ದಂಡ.

ಮಣಿಪಾಲದಿಂದ

ನನ್ನದು ಎರಡೂ ಕಡೆ ಎನ್‌ವಿಎಂಇ, ತಿರುಗದ ವೇಗದ ಡಿಸ್ಕ್. ಪ್ರಶ್ನೆ ಕೇಳಿದವರದು ಡಿಸೈನ್ ಆಫೀಸ್, ಆಡಿಟ್ ಆಫೀಸ್ ಅಲ್ಲ. ನಿಮ್ಮ ಕೆಲಸಕ್ಕೆ ಸಾಕಾದದ್ದು ಎಲ್ಲರಿಗೂ ಸಾಕು ಎಂದರೆ ನಾನು ಒಪ್ಪುವುದಿಲ್ಲ. ನನ್ನ ದುಡ್ಡು ದಂಡ ಎನ್ನಲು ನೀವು ಯಾರು?

ಬಿಜೈಯಿಂದ

ನಿಮ್ಮದನ್ನು ದಂಡ ಎನ್ನಲಿಲ್ಲ. ಓದಿ ಮಾತಾಡಿ. 60 ಸಾವಿರದಲ್ಲಿ ಕೇಬಲ್, ಕೂಲಿ, ರ‍್ಯಾಕ್, ಯುಪಿಎಸ್ ಎಲ್ಲಾ ಆಗಬೇಕು. ಅದರಲ್ಲಿ ನಾಲ್ಕು ಜನರಿಗೆ 10ಜಿ ಕೊಟ್ಟು ತೋರಿಸಿ.

ಬ್ರಹ್ಮಾವರದಿಂದ

ನೀವಿಬ್ಬರೂ ಸ್ಪೀಡಿನ ಮಾತಿನಲ್ಲೇ ಇದ್ದೀರಿ. ಔಟ್‌ಹೌಸ್‌ಗೆ ತಾಮ್ರ ಎಳೆದರೆ ಏನಾಗುತ್ತದೆ ನಾನು ಹೇಳುತ್ತೇನೆ.

ನಮ್ಮದು ಮನೆ ಮತ್ತು ಹಿಂದೆ ಪ್ರಿಂಟಿಂಗ್ ಶೆಡ್. ಮಧ್ಯೆ ಎಚ್‌ಡಿಪಿಇ ಪೈಪಿನಲ್ಲಿ ಹೊರಾಂಗಣದ ಕ್ಯಾಟ್ 6, ಪ್ಯೂರ್ ಕಾಪರ್, ಕೆರೆದು ನೋಡಿಯೇ ತಂದದ್ದು. ಮೇ ತಿಂಗಳಲ್ಲಿ ಸಿಡಿಲು ಬಡಿದದ್ದು ಪಕ್ಕದ ತೋಟದ ತೆಂಗಿನ ಮರಕ್ಕೆ. ನಮ್ಮ ಮನೆಗಲ್ಲ. ಆದರೂ ಸ್ವಿಚ್ ಹೋಯಿತು, 8,400. ಕ್ಯಾಮರಾ ರೆಕಾರ್ಡ್ ಮಾಡುವ ಎನ್‌ವಿಆರ್ 7,800. ಶೆಡ್‌ನ ಕಂಪ್ಯೂಟರ್ ಮದರ್‌ಬೋರ್ಡ್ 9,600. ಫೈಬರ್ ಕಂಪನಿಯವರ ಪೆಟ್ಟಿಗೆಗೆ 2,500 ಕಟ್ಟಿಸಿಕೊಂಡರು. ವಾರಂಟಿ ಕೇಳಿದರೆ ಸಿಡಿಲಿಗೆ ಇಲ್ಲ ಎಂದರು. ಒಂದೇ ಹೊಡೆತಕ್ಕೆ 28,300!

ಎರಡು ಕಟ್ಟಡದ ಅರ್ತ್ ಬೇರೆ ಬೇರೆ. ಹತ್ತಿರ ಸಿಡಿಲು ಬಿದ್ದಾಗ ಎರಡರ ಮಧ್ಯೆ ಸಾವಿರಾರು ವೋಲ್ಟಿನ ವ್ಯತ್ಯಾಸ ಬರಬಹುದು. ಅದು ಹರಿಯಲು ನಾವೇ ತಾಮ್ರದ ದಾರಿ ಕೊಟ್ಟ ಹಾಗಾಯಿತು.

ಈಗ ಸಿಂಗಲ್ ಮೋಡ್ ಫೈಬರ್, ಬೆಳಕಿನಲ್ಲಿ ಡೇಟಾ ಹೋಗುವ ಗಾಜಿನ ಎಳೆ. ಕೇಬಲಿಗೆ 700, ನಾಲ್ಕು ಸ್ಪ್ಲೈಸಿಗೆ (ಎಳೆ ಬೆಸೆಯಲು) ಸಾವಿರ, ಫೈಬರನ್ನು ತಾಮ್ರದ ಪೋರ್ಟಿಗೆ ಜೋಡಿಸುವ ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಜೋಡಿ 2,600. ಕನ್ವರ್ಟರ್ ತರುವಾಗ ಒಂದು ಎ, ಒಂದು ಬಿ ಇರಬೇಕು. ಒಂದು 1310 ನ್ಯಾನೊಮೀಟರ್ ಬೆಳಕಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ. ನಮಗೆ ಕೊರಿಯರ್‌ನಲ್ಲಿ ಎರಡೂ ಎ ಬಂದಿತ್ತು, ಬದಲಿಸಿ ಕೊಡಲು ಅವರು ಸತಾಯಿಸಿದ್ದು ಬೇರೆಯೇ ಕಥೆ. ಮತ್ತೆ, ಮನೆ ಮನೆಗೆ ಎಳೆಯುವ ತೆಳು ಫೈಬರ್ ಕೇಬಲ್‌ನಲ್ಲಿ ಸ್ಟೀಲ್ ತಂತಿ ಇರುತ್ತದೆ. ಅದನ್ನು ಹಾಗೇ ಒಳಗೆ ತಂದರೆ ಸಿಡಿಲಿಗೆ ಪುನಃ ದಾರಿಯಾಯಿತು. ಲೋಹ ಇಲ್ಲದ, ಎಫ್‌ಆರ್‌ಪಿ (ಫೈಬರ್‌ಗ್ಲಾಸ್) ಕಡ್ಡಿಯದ್ದು ಕೇಳಿ ತನ್ನಿ.

ಬಿಜೈಯಿಂದ

ಅರ್ತಿಂಗ್ ಸರಿ ಇದ್ದು ಸರ್ಜ್ ಪ್ರೊಟೆಕ್ಟರ್ ಹಾಕಿದ್ದರೆ ಇದು ಆಗುತ್ತಿರಲಿಲ್ಲ.

ಬ್ರಹ್ಮಾವರದಿಂದ

ಸರಿ ಇತ್ತು ಸ್ವಾಮಿ. ತಾಮ್ರದ ಪ್ಲೇಟ್, ಇದ್ದಿಲು, ಉಪ್ಪು ಎಲ್ಲಾ ಹಾಕಿ ಮಾಡಿಸಿದ ಗುಂಡಿ. ಬೇಸಿಗೆಯಲ್ಲಿ ನಮ್ಮ ಮುರಕಲ್ಲಿನ ನೆಲ ಒಣಗಿದರೆ ಅರ್ತ್ ರೆಸಿಸ್ಟೆನ್ಸ್ ಏರುತ್ತದೆ. ಮಳೆಗೆ ಮುಂಚಿನ ಸಿಡಿಲು ಬರುವುದೂ ಅದೇ ಹೊತ್ತಿಗೆ. 28 ಸಾವಿರ ಕಳಕೊಂಡವನಿಗೆ ಒಂದು ಸಾಲಿನಲ್ಲಿ ಬುದ್ಧಿ ಹೇಳಬೇಡಿ.

ಹಂಪನಕಟ್ಟೆಯಿಂದ

ನಾನು ಕೇಬಲಿಂಗ್ ಕೆಲಸ ಮಾಡುವವನು. ಸುರತ್ಕಲ್‌ನವರ ಮಾತು ಓದಿ ಬೇಸರವಾಯಿತು. ನಾವು ಎರಡು ರೇಟ್ ಕೊಡುತ್ತೇವೆ, ತಾಮ್ರದ್ದು ಮತ್ತು ಅಗ್ಗದ್ದು. ಹೆಚ್ಚಿನವರು ಅಗ್ಗದ್ದನ್ನೇ ಆರಿಸುತ್ತಾರೆ. ಟೈಲ್ಸ್‌ಗೆ ಲಕ್ಷ ಕೊಡುವವರು ಕೇಬಲ್ ಬಾಕ್ಸಿನಲ್ಲಿ ಎರಡು ಸಾವಿರ ಕಡಿಮೆ ಮಾಡಿ ಎಂದು ಕೂರುತ್ತಾರೆ. ಆಮೇಲೆ ಕಳ್ಳರು ಎನ್ನುವುದು ನಮ್ಮನ್ನು.

ಕಾವೂರಿನವರಿಗೆ: ಸ್ಟ್ಯಾಂಡರ್ಡ್ ಪ್ರಕಾರ ಕ್ಯಾಟ್ 6ರಲ್ಲಿ 10ಜಿ 55 ಮೀಟರ್‌ವರೆಗೆ ಹೋಗುತ್ತದೆ, ಒಂದೇ ಕಟ್ಟಾಗಿ ತುಂಬಾ ಕೇಬಲ್ ಬಿಗಿದರೆ 37ಕ್ಕೆ ಇಳಿಯುತ್ತದೆ. ಮನೆಯೊಳಗೆ ಅಷ್ಟು ದೂರ ಎಲ್ಲಿ ಬರುತ್ತದೆ? 6ಎ ಬೇಕೇ ಬೇಕು ಎಂದರೆ ಕೇಬಲ್ ದಪ್ಪ, 20 ಎಂಎಂ ಪೈಪಿನಲ್ಲಿ ಎರಡು ಎಳೆಯುವುದೇ ಕಷ್ಟ. 25 ಎಂಎಂ ಹಾಕಿ, ಎಲ್ಬೋ ಬೇಡ, ಪೈಪನ್ನೇ ನಿಧಾನಕ್ಕೆ ಬಗ್ಗಿಸಿ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಎಲೆಕ್ಟ್ರಿಷಿಯನ್ ಇದನ್ನೂ ತೂರಿಸಲು ಬಿಡಬೇಡಿ.

ಸುರತ್ಕಲ್‌ನಿಂದ

ನಾನು ಅಗ್ಗದ್ದು ಕೇಳಲಿಲ್ಲ. ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. 9,800 ತಾಮ್ರದ ರೇಟು, ನಿಮಗೇ ಗೊತ್ತು. ಎಲ್ಲಾ ಗಿರಾಕಿಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸಬೇಡಿ.

ಮಲ್ಪೆಯಿಂದ

ಸಮುದ್ರದ ಹತ್ತಿರ ಇರುವವರಿಗೆ ಒಂದು ಮಾತು. ಅಗ್ಗದ ಜ್ಯಾಕ್‌ನ ಪಿನ್ ಎರಡು ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. 50 ಮೈಕ್ರೋ ಇಂಚು ಚಿನ್ನದ ಲೇಪ ಇರುವುದು ಹಾಕಿ. ನಮ್ಮ ಐಸ್ ಪ್ಲಾಂಟ್ ಆಫೀಸಿನಲ್ಲಿ ಅದೇ ನಿಂತದ್ದು.

ಕಾವೂರಿನಿಂದ

ಎಲ್ಲರಿಗೂ ಧನ್ಯವಾದ. ಮನೆಯೊಳಗೆ ತಾಮ್ರದ ಕ್ಯಾಟ್ 6, 25 ಎಂಎಂ ಪೈಪು, ಔಟ್‌ಹೌಸ್‌ಗೆ ಫೈಬರ್. ಇದು ಗಟ್ಟಿ ಮಾಡಿದೆ. ಸ್ವಿಚ್ ಇನ್ನೂ ತೀರ್ಮಾನ ಆಗಿಲ್ಲ. ಫೈಬರ್ ಈಗ ಗಿಗಾಬಿಟ್‌ಗೆ ಹಾಕಿದರೆ ಮುಂದೆ ಬದಲಿಸಬೇಕಾ?

ಮಣಿಪಾಲದಿಂದ

ಫೈಬರ್ ಬದಲಿಸಬೇಕಿಲ್ಲ. ಸಿಂಗಲ್ ಮೋಡ್‌ನಲ್ಲಿ 10ಜಿ ಎಲ್ಆರ್ ಮಾಡ್ಯೂಲ್ 10 ಕಿಲೋಮೀಟರ್ ಹೋಗುತ್ತದೆ. ಎರಡು ಎಳೆ ಬೇಕು, ನಾಲ್ಕು ಎಳೆಯ ಕೇಬಲನ್ನೇ ಹಾಕಿ. ಎರಡು ಎಸ್‌ಎಫ್‌ಪಿ ಪ್ಲಸ್ ಪೋರ್ಟ್ ಇರುವ 2.5ಜಿ ಸ್ವಿಚ್ ತೆಗೆದುಕೊಳ್ಳಿ.

ಬಿಜೈಯಿಂದ

ಅಂದರೆ ಕೊನೆಗೆ 2.5ಜಿಯೇ ಸಾಕು ಎಂದಾಯಿತಲ್ಲ. ನಾನು ಮೊದಲೇ ಹೇಳಿದ್ದೆ.

ಮಣಿಪಾಲದಿಂದ

ಎಸ್‌ಎಫ್‌ಪಿ ಪ್ಲಸ್ ಎಂದರೆ 10ಜಿ. ನೀವು ಹೇಳಿದ್ದು ಅದಲ್ಲ.

ಹಂಪನಕಟ್ಟೆಯಿಂದ

ಕಾವೂರಿನವರೇ, ಪ್ಲಾಸ್ಟರಿಂಗ್‌ಗೆ ಮೊದಲು ಪೈಪಿನ ಬಾಯಿಗೆ ಕ್ಯಾಪ್ ಹಾಕಿಸಿ, ಒಳಗೆ ಎಳೆಯುವ ದಾರ ಬಿಡಿ. ಬೇಕಿದ್ದರೆ ನಾನು ಬಂದು ನೋಡುತ್ತೇನೆ.

ಸುರತ್ಕಲ್‌ನಿಂದ

ನೋಡುವುದು ಸರಿ. ಬಿಲ್‌ನಲ್ಲಿ ಕೇಬಲ್ ಕಂಪನಿ ಹೆಸರು, ಪ್ಯೂರ್ ಕಾಪರ್ ಎಂದು ಬರೆದು ಕೊಡುತ್ತೀರಾ? ಎಲ್ಲರ ಎದುರು ಹೇಳಿ.

ಹಂಪನಕಟ್ಟೆಯಿಂದ

ಬರೆದು ಕೊಡುತ್ತೇನೆ. ಬಾಕ್ಸನ್ನು ಅವರ ಎದುರೇ ಒಡೆದು, ಬ್ಲೇಡನ್ನು ಅವರ ಕೈಗೇ ಕೊಡುತ್ತೇನೆ. ಸರ್ಟಿಫಿಕೇಶನ್ ಟೆಸ್ಟ್ ರಿಪೋರ್ಟ್ ಬೇಕಾದರೆ ಪಾಯಿಂಟಿಗೆ 150 ಬೇರೆ. ಆ ಮೆಷಿನ್ ನಾನೂ ಬಾಡಿಗೆಗೆ ತರುವುದು.

ಸುರತ್ಕಲ್‌ನಿಂದ

150 ಜಾಸ್ತಿಯಾಯಿತು.