ಶಿಲುಬೆಯಲ್ಲಿ ಸತ್ತವನು ಮೆಸ್ಸೀಯನಾಗುವುದು ಹೇಗೆ?

ಪ್ರಶ್ನೆ: ಅಯ್ಯನವರೇ, ವಂದನೆ. ಜೊತೆಯಲ್ಲಿ ಕೆಲಸ ಮಾಡುವ ಗೆಳತಿ ಕೇಳಿದಳು: "ಯೆಹೂದ್ಯರು ಮೆಸ್ಸೀಯನೆಂದು ಕಾಯುತ್ತಿದ್ದದ್ದು ದಾವೀದನ ವಂಶದ ಅರಸನಿಗೆ. ರೋಮಿನವರು ಕೊಂದ ಯೇಸು ಆ ಅರಸ ಹೇಗಾಗುತ್ತಾನೆ?" ಅರಸ ಬೇತ್ಲೆಹೇಮಿನಿಂದ ಬರುತ್ತಾನೆ ಎನ್ನುವ ಮೀಕ 5:2, ಕತ್ತೆಮರಿ ಏರಿ ಬರುತ್ತಾನೆ ಎನ್ನುವ ಜೆಕರ್ಯ 9:9 ಎಲ್ಲ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ.

ಉತ್ತರ (ಸಭಾಪಾಲಕರು): ನಿಮ್ಮ ಗೆಳತಿಯನ್ನು ಕಾಡುತ್ತಿರುವುದೇ ಶಿಷ್ಯರನ್ನೂ ಕಾಡಿತ್ತಮ್ಮಾ. "ನೀನೇ ಕ್ರಿಸ್ತನು" (ಅಂದರೆ ಮೆಸ್ಸೀಯನು) ಎಂದ ಶಿಷ್ಯ ಪೇತ್ರ, ಯೇಸು ತನ್ನ ಸಾವಿನ ಮಾತೆತ್ತಿದ ಕೂಡಲೇ ಆತನನ್ನು ಗದರಿಸಹೋದ (ಮಾರ್ಕ 8). ಯೇಸು ಸತ್ತ ಮೇಲೆ ಎಮ್ಮಾಹು ಎಂಬ ಊರಿನ ದಾರಿ ಹಿಡಿದಿದ್ದ ಇಬ್ಬರು ಶಿಷ್ಯರು, ಇಸ್ರಾಯೇಲನ್ನು ಬಿಡಿಸುವವನು ಈತನೇ ಅಂದುಕೊಂಡಿದ್ದೆವು ಎಂದು ಮುಖ ಸಪ್ಪೆ ಮಾಡಿಕೊಂಡು ಹೇಳುತ್ತಾರೆ (ಲೂಕ 24). ಮರಕ್ಕೆ ತೂಗಹಾಕಿದವನು ಶಾಪಗ್ರಸ್ತ ಎಂದೇ ಅವರು ಚಿಕ್ಕಂದಿನಿಂದ ಕಲಿತಿದ್ದದ್ದು (ಧರ್ಮೋಪದೇಶಕಾಂಡ 21:23).

ಕ್ರಿ.ಶ. 132ರಲ್ಲಿ ರೋಮಿನ ವಿರುದ್ಧ ದಂಗೆಯೆದ್ದ ಬಾರ್ ಕೊಖ್ಬನನ್ನು ರಬ್ಬಿ ಅಕಿವರಂಥ ಗುರುಗಳೇ ಮೆಸ್ಸೀಯ ಎಂದರೆಂದು ಯೆಹೂದ್ಯ ಸಂಪ್ರದಾಯ ಹೇಳುತ್ತದೆ. 135ರಲ್ಲಿ ಅವನು ಸತ್ತ, ಅವನ ಮೇಲಿನ ನಿರೀಕ್ಷೆಯೂ ಮುಗಿಯಿತು. ಯೇಸುವಿನ ಶಿಷ್ಯರೂ ಹಾಗೇ ಚದರಿಹೋಗಬೇಕಿತ್ತು. ಸತ್ತವನು ಎದ್ದುಬಂದದ್ದನ್ನು ಕಂಡರು, ಅದಕ್ಕೇ ಚದರಲಿಲ್ಲ ಎಂದು ನಾನು ನಂಬುತ್ತೇನೆ. ಆಮೇಲೆ ಅವರು ಯೆಶಾಯ 53ನ್ನು ಹೊಸ ಕಣ್ಣಿನಿಂದ ಓದಿದರು: ನಮ್ಮ ದ್ರೋಹಗಳಿಗಾಗಿ ಗಾಯಗೊಂಡ ಸೇವಕ. (ಆ ಅಧ್ಯಾಯವನ್ನು ಕ್ರೈಸ್ತರು ಸೇರಿಸಿದರು ಎನ್ನುವವರಿಗೆ ಒಂದು ಮಾತು: 1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ ಯೇಸುವಿಗಿಂತ ಸುಮಾರು ನೂರು ವರ್ಷ ಹಳೆಯದು. ಅದರಲ್ಲೂ ಈ ಅಧ್ಯಾಯವಿದೆ.) ಹಾಗಾಗಿ ವಚನಗಳ ಪಟ್ಟಿ ಹಿಡಿದು ಹೊರಡಬೇಡಿ, ಪುನರುತ್ಥಾನದಿಂದ ಶುರುಮಾಡಿ.

ಪ್ರಶ್ನೆ: ಆ ಸೇವಕ ಅಂದರೆ ಇಸ್ರಾಯೇಲ್ ಜನಾಂಗವೇ ಅನ್ನುತ್ತಾರಲ್ಲ ಅಯ್ಯನವರೇ?

ಉತ್ತರ: ಹೌದು, 11ನೇ ಶತಮಾನದ ಯೆಹೂದ್ಯ ಗುರು ರಾಶಿ ಎಂಬವರ ವ್ಯಾಖ್ಯಾನ ಹಾಗೇ ಇದೆ. ಅದನ್ನು ಹಗುರವಾಗಿ ತಳ್ಳಿಹಾಕಬೇಡಿ, ಯೆಶಾಯ 49:3ರಲ್ಲಿ ಸೇವಕನಿಗೆ ಇಸ್ರಾಯೇಲ್ ಎಂದೇ ಹೆಸರಿದೆ. ಆದರೆ 49:6ಕ್ಕೆ ಬಂದರೆ ಇಸ್ರಾಯೇಲನ್ನು ತಿರುಗಿ ಕರೆತರುವವನೂ ಆ ಸೇವಕನೇ. 53:8ರಲ್ಲಿ "ನನ್ನ ಜನ" ಬೇರೆ, ಅವರ ದ್ರೋಹಕ್ಕೆ ಪೆಟ್ಟು ತಿಂದವನು ಬೇರೆ. ಅಲ್ಲಿ ನನಗೆ ಯೇಸು ಕಾಣುತ್ತಾನೆ.

ಅರಸನ ವಿಷಯಕ್ಕೆ ಬಂದರೆ, ಪ್ರವಾದಿಗಳು ಹೇಳಿದ ಶಾಂತಿ ಲೋಕದಲ್ಲಿ ಇನ್ನೂ ಪೂರ್ತಿಯಾಗಿ ಬಂದಿಲ್ಲ. ಗೆಳತಿ ಹಾಗೆಂದರೆ ಒಪ್ಪಿಕೊಳ್ಳಿ. ನಾವೂ ದಿನಾ "ನಿನ್ನ ರಾಜ್ಯವು ಬರಲಿ" ಎಂದೇ ಬೇಡುತ್ತೇವೆ, ಆತನ ಎರಡನೆಯ ಬರೋಣಕ್ಕೆ ಕಾಯುತ್ತೇವೆ. ಅವಳಿಗೆ ಮನಸ್ಸಿದ್ದರೆ ಲೂಕ 24ನ್ನು ಒಟ್ಟಿಗೆ ಕೂತು ಓದಿ, ಮತ್ತೆ ಪ್ರಶ್ನೆ ಬಂದರೆ ಇಲ್ಲೇ ಬರೆಯಿರಿ.